ಪತ್ರಕರ್ತೆಯಾಗುವ ಆಸೆಯಿಲ್ಲದ ಮಗಳು ಪತ್ರಿಕೆಯ ತಂಡ ಸೇರಬೇಕೇ?

ಪ್ರಶ್ನೆ: ಮಗಳು ಒಂಬತ್ತನೇ ತರಗತಿಯಲ್ಲಿದ್ದಾಳೆ. ಶಾಲೆ ಬಿಟ್ಟ ಮೇಲೆ ಮಕ್ಕಳೇ ಸೇರಿ ಪತ್ರಿಕೆ ಹೊರತರುವ ತಂಡವೊಂದಿದೆ. ಬೇರೆ ಬೇರೆ ವೃತ್ತಿಗಳನ್ನು ತಿಳಿಯಲು ಅದು ಒಳ್ಳೆಯ ದಾರಿ ಎನ್ನುತ್ತಾರೆ ಶಿಕ್ಷಕರು. ಆದರೆ ಅವಳಿಗೆ ಪತ್ರಿಕೋದ್ಯಮದ ಒಲವಿಲ್ಲ. ಸೇರಿಸಿದರೆ ಪ್ರಯೋಜನವಿದೆಯೇ?

ಉತ್ತರ: ಖಂಡಿತ ಇದೆ. ಹದಿನಾಲ್ಕರ ಹುಡುಗಿ ಸುಮ್ಮನೆ ಹೋಗಿ ‘ನಿಮ್ಮ ಕೆಲಸ ಹೇಗಿರುತ್ತದೆ’ ಎಂದು ಅಪರಿಚಿತರನ್ನು ಕೇಳಲಾರಳು. ‘ನಮ್ಮ ಪತ್ರಿಕೆಗೆ ಸಂದರ್ಶನ ಬೇಕಿತ್ತು’ ಎಂದರೆ ಪಶುವೈದ್ಯರೂ ವಕೀಲರೂ ಬಡಗಿಯೂ ಕೂತು ಮಾತನಾಡುತ್ತಾರೆ. ನನ್ನ ಮಟ್ಟಿಗೆ ಪತ್ರಿಕೆಯ ದೊಡ್ಡ ಉಪಕಾರ ಇದೇ.

ಆ ಸಂದರ್ಶನದಲ್ಲಿ ಏನು ಕೇಳಬೇಕೆಂಬುದನ್ನು ಮಾತ್ರ ಮಕ್ಕಳಿಗೆ ಕಲಿಸಬೇಕು. ‘ನಿಮ್ಮ ಯಶಸ್ಸಿನ ಗುಟ್ಟೇನು’ ಎಂದರೆ ಭಾಷಣವೇ ಉತ್ತರವಾಗಿ ಬರುತ್ತದೆ. ‘ನಿನ್ನೆ ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ಏನು ಮಾಡಿದಿರಿ?’ ಎಂದು ಕೇಳಲಿ. ವಕೀಲರು ಆ ಎರಡು ಗಂಟೆ ಕಡತ ಓದುತ್ತಲೋ ಸರದಿಗಾಗಿ ಕಾಯುತ್ತಲೋ ಕಳೆದಿರಬಹುದು. ಯಾವ ಭಾಗ ಬೇಸರ ತರಿಸುತ್ತದೆ, ಕಲಿಯಲು ಎಷ್ಟು ವರ್ಷ ಹಿಡಿಯಿತು, ಖರ್ಚು ಹೇಗೆ ತೂಗಿಸಿದಿರಿ, ಯಾವ ಸ್ವಭಾವದವರು ಈ ಕೆಲಸಕ್ಕೆ ಹೊಂದುವುದಿಲ್ಲ ಎಂಬ ಪ್ರಶ್ನೆಗಳೂ ಇರಲಿ. ವೃತ್ತಿ ಮಾರ್ಗದರ್ಶನದ ಕೈಪಿಡಿಗಳಲ್ಲಿ ಇಂಥ ಉತ್ತರಗಳು ಸಿಗುವುದು ಕಡಿಮೆ.

ಇನ್ನು ಪತ್ರಿಕೆಯೊಳಗಿನ ಕೆಲಸ. ಬರೆಯುವುದು ಅದರಲ್ಲಿ ಒಂದು ಪಾಲು ಅಷ್ಟೇ. ಚಿತ್ರ ಬರೆಯುವವರು, ಛಾಯಾಚಿತ್ರ ತೆಗೆಯುವವರು, ಪುಟ ವಿನ್ಯಾಸ ಮಾಡುವವರು, ಕರಡು ತಿದ್ದುವವರು, ಹಣದ ಲೆಕ್ಕ ಇಡುವವರು, ಮುದ್ರಣಾಲಯದೊಂದಿಗೆ ಮಾತನಾಡುವವರು, ಎಲ್ಲರೂ ಬೇಕು. ಮಧ್ಯದಲ್ಲಿ ಪಿನ್ ಹೊಡೆದ ಪತ್ರಿಕೆಯ ಪುಟಗಳ ಸಂಖ್ಯೆ ನಾಲ್ಕರಿಂದ ಭಾಗವಾಗಲೇಬೇಕು. 16 ಪುಟದ ಸಂಚಿಕೆಯಲ್ಲಿ ಕೊನೆಯ ಗಳಿಗೆಗೆ ಒಂದು ಲೇಖನ ಕೈಕೊಟ್ಟರೆ ಆ ಒಂದು ಪುಟವನ್ನು ಕಿತ್ತುಹಾಕಲಾಗದು. ಆಗ ಒಬ್ಬಳು ಹೊಸದಾಗಿ ಬರೆಯಲು ಕೂರುತ್ತಾಳೆ, ಇನ್ನೊಬ್ಬ ಇರುವ ಚಿತ್ರವನ್ನೇ ದೊಡ್ಡದು ಮಾಡಿ ಪುಟ ತುಂಬಿಸುತ್ತಾನೆ, ಮತ್ತೊಬ್ಬಳು ಮುದ್ರಣಾಲಯಕ್ಕೆ ಕರೆ ಮಾಡಿ ಒಂದು ದಿನ ಹೆಚ್ಚು ಕೇಳುತ್ತಾಳೆ. ಯಾರು ಯಾವುದಕ್ಕೆ ತಾವಾಗಿಯೇ ಕೈಹಾಕಿದರು ಎಂಬುದನ್ನು ಶಿಕ್ಷಕರು ಬರೆದಿಟ್ಟುಕೊಳ್ಳಬೇಕು. ಅಭಿರುಚಿ ಪರೀಕ್ಷೆಯ ಅಂಕಗಳಿಗಿಂತ ನನಗೆ ಆ ಟಿಪ್ಪಣಿಯ ಮೇಲೆ ಹೆಚ್ಚು ನಂಬಿಕೆ.

ಈ ವಯಸ್ಸಿನಲ್ಲಿ ಒಂದೇ ವೃತ್ತಿಯನ್ನು ನಿರ್ಧರಿಸಿಬಿಡಬೇಕೆಂಬ ಆತುರ ಬೇಡ. ವೃತ್ತಿ ಬೆಳವಣಿಗೆಯನ್ನು ಅಧ್ಯಯನ ಮಾಡಿದ ಅಮೆರಿಕದ ಮನೋವಿಜ್ಞಾನಿ ಡೊನಾಲ್ಡ್ ಸೂಪರ್, ಸುಮಾರು 15ರಿಂದ 24ರವರೆಗಿನ ವರ್ಷಗಳನ್ನು ಅನ್ವೇಷಣೆಯ ಹಂತವೆಂದೇ ಗುರುತಿಸಿದ್ದರು. ‘ಇದು ನನಗಲ್ಲ’ ಎಂದು ಮಗಳು ಎರಡು ಕೆಲಸಗಳನ್ನು ಬಿಟ್ಟುಕೊಟ್ಟರೂ ಅದು ಲಾಭವೇ.

ಸೇರಿಸುವ ಮೊದಲು ಶಿಕ್ಷಕರನ್ನು ವಿಚಾರಿಸಿ: ಪ್ರತಿ ಸಂಚಿಕೆಗೂ ಜವಾಬ್ದಾರಿಗಳು ಬದಲಾಗುತ್ತವೆಯೇ? ವಿಷಯ ಆರಿಸುವವರು ಮಕ್ಕಳೋ ಹಿರಿಯರೋ? ಅಂದವಾಗಿ ಬರೆಯುವ ಮೂವರೇ ಎಲ್ಲವನ್ನೂ ಮಾಡಿ ಉಳಿದವರು ಚಪ್ಪಾಳೆ ತಟ್ಟುವ ತಂಡವಾಗಿದ್ದರೆ ನಿಮ್ಮ ಮಗಳಿಗೆ ಅದರಿಂದ ಹೆಚ್ಚೇನೂ ದಕ್ಕುವುದಿಲ್ಲ. ಸಂದರ್ಶನಕ್ಕೆ ಹೊರಗೆ ಹೋಗುವಾಗ ಹಿರಿಯರೊಬ್ಬರು ಜೊತೆಗಿರುವುದೂ, ಮಕ್ಕಳ ಛಾಯಾಚಿತ್ರ ಪ್ರಕಟಿಸುವ ಮುನ್ನ ಪೋಷಕರ ಒಪ್ಪಿಗೆ ಪಡೆಯುವುದೂ ಕಡ್ಡಾಯವಾಗಿರಬೇಕು.

ಸಂಚಿಕೆ ಅಚ್ಚಾದ ಮೇಲೆ, ಸಂದರ್ಶನ ಕೊಟ್ಟವರಿಗೆ ಮಗಳೇ ಒಂದು ಪ್ರತಿಯನ್ನು ತಲುಪಿಸಲಿ. ಅವರ ವೃತ್ತಿ ಅವಳಿಗೆ ನಿಜಕ್ಕೂ ಹಿಡಿಸಿದ್ದರೆ, ಒಂದು ದಿನ ಜೊತೆಗಿದ್ದು ನೋಡಬಹುದೇ ಎಂದು ಅವರನ್ನು ಕೇಳಲು ಅದಕ್ಕಿಂತ ಒಳ್ಳೆಯ ಸಮಯವಿಲ್ಲ.