ಬಿಸಿ ಟೈರಿನ ಗಾಳಿ ಯಾಕೆ ಬಿಡಬಾರದು: ಡಂಪರ್ ಟೈರ್ ಟಿಪ್ಪಣಿ

ಮುಂದಿನ ವಾರ ನಮ್ಮ ಬ್ಯಾಚಿಗೆ ಟೈರ್ ಪಾಠದ ಟೆಸ್ಟ್ ಇದೆ. ನಿನ್ನೆ ರಾತ್ರಿ ಒಂದೇ ಒಂದು ಲೆಕ್ಕಕ್ಕೆ ಹನ್ನೊಂದು ಗಂಟೆವರೆಗೆ ಕೂತಿದ್ದೆ. ಮರೆಯುವ ಮೊದಲು ಬರೆದಿಡುತ್ತಿದ್ದೇನೆ.

ಮೊದಲು ಬಾಯಿಪಾಠದ ಭಾಗ ಮುಗಿಸೋಣ. ಟೈರಿನ ಮೇಲೆ ಬರೆದಿರುವ ಸೈಜ್ 24.00-35 ಅಂದರೆ ಅಗಲ 24 ಇಂಚು, ರಿಮ್ಮಿನ ವ್ಯಾಸ 35 ಇಂಚು. ನಡುವೆ ಗೀಟಿದ್ದರೆ ಬಯಾಸ್ (ಒಳಗಿನ ಎಳೆಗಳು ಓರೆಯಾಗಿರುವ ಟೈರ್), ‘ಆರ್’ ಇದ್ದರೆ ರೇಡಿಯಲ್ (ಎಳೆಗಳು ಅಡ್ಡಕ್ಕೆ ನೇರವಾಗಿರುವ ಟೈರ್). ಇನ್ನು ಗ್ರಿಪ್ಪಿನ ಕೋಡ್: ಇ-4ರ ‘ಇ’ ಡಂಪರಿನಂಥ ಗಾಡಿಗೆ, ಎಲ್-5ರ ‘ಎಲ್’ ಲೋಡರಿಗೆ. ಅಂಕಿ ಜಾಸ್ತಿಯಾದಷ್ಟೂ ಗ್ರಿಪ್ ಆಳ: 3ಕ್ಕೆ ಹೋಲಿಸಿದರೆ 4 ಒಂದೂವರೆ ಪಟ್ಟು, 5 ಎರಡೂವರೆ ಪಟ್ಟು. ಇಷ್ಟು ಸಾಕು.

ಈಗ ನಾನು ಎಡವಿದ ಜಾಗ. ಸಂಡೂರು ಕಡೆ ಗಣಿಯೊಂದಕ್ಕೆ ತರಬೇತಿಗೆ ಹೋಗಿದ್ದೆವು. ಏಪ್ರಿಲ್ ಮಧ್ಯಾಹ್ನ. ಡಂಪರ್ ಆಗಷ್ಟೇ ಅದಿರು ಸುರಿದು ಬಂದು ನಿಂತಿತ್ತು. ಗೇಜ್ ಇಟ್ಟರೆ 117 ಪಿಎಸ್‌ಐ (ಒತ್ತಡದ ಅಳತೆ, ಒಂದು ಚದರ ಇಂಚಿಗೆ ಎಷ್ಟು ಪೌಂಡ್ ಅಂತ). ಚಾರ್ಟಿನಲ್ಲಿದ್ದದ್ದು 100. ಜಾಸ್ತಿ ಇದೆ, ಸ್ವಲ್ಪ ಬಿಡೋಣ ಅಂತ ವಾಲ್ವಿಗೆ ಕೈ ಹಾಕಿದೆ. ಹಿರಿಯ ಫಿಟ್ಟರ್ ಕೈ ಹಿಡಿದೇಬಿಟ್ಟರು. “ಬಿಡಬ್ಯಾಡ ತಮ್ಮಾ, ನಾಳೆ ಮುಂಜಾನೆ ನೋಡು.” “ಆಯ್ತಣ್ಣ” ಅಂದೆ. ಯಾಕೆ ಅಂತ ಮಾತ್ರ ಗೊತ್ತಾಗಲಿಲ್ಲ.

ಚಾರ್ಟಿನ 100 ತಣ್ಣಗಿರುವ ಟೈರಿನದು. ಬೆಳಗ್ಗೆ ಒಳಗಿನ ಗಾಳಿ 30 ಡಿಗ್ರಿ, ಓಡಿ ಬಂದ ಮೇಲೆ 75 ಡಿಗ್ರಿ ಅಂತ ಇಟ್ಟುಕೊಳ್ಳಿ. ಟೈರಿನ ಗಾತ್ರ ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ, ಆದ್ದರಿಂದ ಬಿಸಿ ಏರಿದ ಪ್ರಮಾಣದಲ್ಲೇ ಒತ್ತಡವೂ ಏರಬೇಕು. ನಾನು 75ನ್ನು 30ರಿಂದ ಭಾಗಿಸಿದೆ. ಎರಡೂವರೆ ಪಟ್ಟು. ಒತ್ತಡ 250! ಅದು ನಿಜವಾಗಿದ್ದರೆ ಗಣಿಯಲ್ಲಿ ಒಂದು ಟೈರೂ ಉಳಿಯುತ್ತಿರಲಿಲ್ಲ.

ತಪ್ಪು ಒಂದು: ಸೆಲ್ಸಿಯಸ್ ಬಳಸಿದ್ದು. 0 ಡಿಗ್ರಿ ಸೆಲ್ಸಿಯಸ್ ಅಂದರೆ ಬಿಸಿಯೇ ಇಲ್ಲ ಅಂತಲ್ಲ, ಅಲ್ವಾ? 273 ಸೇರಿಸಿ ಕೆಲ್ವಿನ್ ಮಾಡಬೇಕು. 30 ಆಯಿತು 303, 75 ಆಯಿತು 348. ಈಗ 100ನ್ನು 348ರಿಂದ ಗುಣಿಸಿ 303ರಿಂದ ಭಾಗಿಸಿದರೆ 115. ಹತ್ತಿರ ಬಂತು, ಆದರೆ ಗೇಜ್ ತೋರಿಸಿದ್ದು 117. ಈ ಎರಡಕ್ಕೇ ನನ್ನ ರಾತ್ರಿ ಹೋಯಿತು.

ತಪ್ಪು ಎರಡು: ಗೇಜಿನ ಸೊನ್ನೆಯೂ ನಿಜವಾದ ಸೊನ್ನೆಯಲ್ಲ. ಪೂರ್ತಿ ಚಪ್ಪಟೆಯಾದ ಟೈರಿಗೆ ಗೇಜ್ 0 ತೋರಿಸುತ್ತದೆ, ಆದರೂ ಒಳಗೆ ಹೊರಗಿನಷ್ಟೇ ಗಾಳಿಯ ಒತ್ತಡ ಇರುತ್ತದೆ, ಸುಮಾರು 14.7 ಪಿಎಸ್‌ಐ. ಗೇಜ್ ಹೇಳುವುದು ಅದರ ಮೇಲೆ ಎಷ್ಟಿದೆ ಅಂತ ಮಾತ್ರ. ಕಟ್ಟೆ ಮೇಲೆ ನಿಂತವನ ಎತ್ತರವನ್ನು ಕಟ್ಟೆಯಿಂದ ಅಳೆದ ಹಾಗೆ. ಲೆಕ್ಕಕ್ಕೆ ನೆಲದಿಂದ ಬೇಕು. ಹಾಗಾಗಿ ಮೊದಲು ಕಟ್ಟೆ ಸೇರಿಸಿ: 114.7. 348ರಿಂದ ಗುಣಿಸಿ, 303ರಿಂದ ಭಾಗಿಸಿ: 131.7. ಕಟ್ಟೆ ಕಳೆಯಿರಿ: 117. ಸರಿಯಾಗಿ ಬಂತು!

ಈಗ ಉಲ್ಟಾ ಮಾಡಿ. ಬಿಸಿಯಲ್ಲೇ 100ಕ್ಕೆ ಇಳಿಸಿದ್ದರೆ ಮಾರನೇ ದಿನ ಬೆಳಗ್ಗೆ ಎಷ್ಟಿರುತ್ತಿತ್ತು? 114.7 ಗುಣಿಸು 303 ಭಾಗಿಸು 348, ಅಂದರೆ 99.9. ಕಟ್ಟೆ ಕಳೆದರೆ 85. ಹದಿನೈದು ಪಿಎಸ್‌ಐ ಖೋತಾ. ಗಾಳಿ ಕಡಿಮೆಯಾದರೆ ಸೈಡ್‌ವಾಲ್, ಅಂದರೆ ಟೈರಿನ ಪಕ್ಕದ ಗೋಡೆ, ಜಾಸ್ತಿ ಮಡಚುತ್ತದೆ, ಟೈರ್ ಇನ್ನೂ ಬಿಸಿಯಾಗುತ್ತದೆ. ಗೇಜ್ ಮತ್ತೆ ಮೇಲೆ. ಮಧ್ಯಾಹ್ನ ಇನ್ನೊಬ್ಬ ಬಂದು ಮತ್ತೆ ಬಿಡುತ್ತಾನೆ. ಅಣ್ಣ ಕೈ ಹಿಡಿದದ್ದು ಇದಕ್ಕೇ.

ಟೀ ಕುಡಿದು ಬರುವಷ್ಟರಲ್ಲಿ ಇಷ್ಟು ದೊಡ್ಡ ಟೈರ್ ತಣಿಯುವುದಿಲ್ಲ. ಪೂರ್ತಿ ತಣಿಯಲು ಒಂದು ದಿನವೇ ಬೇಕಾಗಬಹುದು. ಬಿಸಿಲಿನ ಕಡೆಯ ಟೈರ್ ನೆರಳಿನ ಕಡೆಯದಕ್ಕಿಂತ ಜಾಸ್ತಿ ತೋರಿಸುತ್ತದೆ, ಅದಕ್ಕೂ ಮೋಸ ಹೋಗಬೇಡಿ. ಹೇಳಿದ ಒತ್ತಡದ 80% ಅಥವಾ ಅದಕ್ಕಿಂತ ಕಡಿಮೆಯಲ್ಲಿ ಓಡಿದ ಟೈರಿಗೆ ಸುಮ್ನೆ ಗಾಳಿ ಹೊಡೆದು ಕಳಿಸುವಂತಿಲ್ಲ. ಬಿಚ್ಚಿ ಒಳಗೆ ನೋಡಬೇಕು.

ಲಾಕ್ ರಿಂಗ್, ಅಂದರೆ ರಿಮ್ಮಿನ ಭಾಗಗಳು ಕಳಚದಂತೆ ಹಿಡಿಯುವ ಉಕ್ಕಿನ ಬಳೆ: ಗಾಳಿ ತುಂಬುವಾಗ ಅದರ ಎದುರು ನಿಲ್ಲಬೇಡಿ. ಉದ್ದ ಹೋಸ್, ಕಚ್ಚಿ ಹಿಡಿಯುವ ಕ್ಲಿಪ್, ದೂರದಲ್ಲೊಂದು ಗೇಜ್. ಗಾಳಿ ಇರುವಾಗ ರಿಂಗಿಗೆ ಸುತ್ತಿಗೆ ಏಟು ಬೇಡವೇ ಬೇಡ. ಹಿಂದಿನ ಜೋಡಿ ಚಕ್ರದಲ್ಲಿ ಹೊರಗಿನದನ್ನು ಮಾತ್ರ ತೆಗೆಯುವುದಿದ್ದರೂ ನಟ್ ಮುಟ್ಟುವ ಮೊದಲು ಎರಡರ ಗಾಳಿಯೂ ಖಾಲಿ ಆಗಿರಬೇಕು. ಒಳಗಿನ ರಿಮ್ಮಿನಲ್ಲಿ ಬಿರುಕಿದ್ದರೆ ಅದನ್ನು ಹಿಡಿದಿರುವುದೇ ಆ ನಟ್‌ಗಳು. ವಾಲ್ವ್ ಕೋರ್ (ವಾಲ್ವಿನೊಳಗೆ ಗಾಳಿ ತಡೆಯುವ ಸಣ್ಣ ಪಿನ್) ತೆಗೆದು ತಂತಿ ತೂರಿಸಿ ನೋಡಿ, ಅದಿರಿನ ಕೆಂಪು ಕೆಸರು ಕಟ್ಟಿಕೊಂಡಿದ್ದರೆ ಸದ್ದು ನಿಂತರೂ ಗಾಳಿ ಒಳಗೇ ಇರುತ್ತದೆ.

ಬ್ರೇಕ್ ಜಾಮ್ ಆಗಿ ಟೈರಿನಿಂದ ಹೊಗೆ ಬಂದರೆ ಹತ್ತಿರ ಹೋಗಬೇಡಿ. ಒಳಗಿನ ರಬ್ಬರ್ ಬೆಂದು ಉರಿಯುವ ಅನಿಲ ಬಿಡುತ್ತದೆ, ಹೊಗೆ ನಿಂತ ಮೇಲೂ ಸಿಡಿಯಬಹುದು. ಕನಿಷ್ಠ 300 ಮೀಟರ್ ದೂರ, 24 ಗಂಟೆ ಅಂತ ಬರೆದುಕೊಂಡಿದ್ದೇನೆ. ಟೈರ್ ಹಾಕಿರುವ ರಿಮ್ಮಿಗೆ ವೆಲ್ಡಿಂಗ್ ಮಾಡಿದರೂ ಇದೇ ಕಥೆ, ಗಾಳಿ ಬಿಟ್ಟಿದ್ದರೂ ಸರಿ.

ಕೈ ಪಳಗಲು ಒಂದು ಲೆಕ್ಕ: ತಣ್ಣಗೆ 25 ಡಿಗ್ರಿಯಲ್ಲಿ 90 ಪಿಎಸ್‌ಐ, 70 ಡಿಗ್ರಿಯಲ್ಲಿ ಎಷ್ಟು? ಉತ್ತರ 106. ನಿಮಗೆ 104 ಬಂದರೆ ಕಟ್ಟೆ ಮರೆತಿದ್ದೀರಿ. 252 ಬಂದರೆ ನಿನ್ನೆ ರಾತ್ರಿಯ ನನ್ನ ಹಾಗೆ ಸೆಲ್ಸಿಯಸ್ಸಿನಲ್ಲೇ ಇದ್ದೀರಿ.