ಪಾಚಿ ತಿನ್ನುವ ಸೂಕ್ಷ್ಮಜೀವಿಗಳು ಪತ್ರಹರಿತ್ತನ್ನು ಪಳಗಿಸುವ ಬಗೆ

ಪಾಚಿಯನ್ನು ನುಂಗಿ ಬದುಕುವ ಅಮೀಬಾ, ಸಿಲಿಯೇಟ್ ಮೊದಲಾದ ಏಕಕೋಶ ಜೀವಿಗಳಿಗೆ ಪತ್ರಹರಿತ್ತು ಆಹಾರವೆನ್ನುವುದಕ್ಕಿಂತ ಅಪಾಯವೆನ್ನುವುದೇ ಸರಿ. ಇದು ಮನದಟ್ಟಾದರೆ ಮುಂದಿನ ರಾಸಾಯನಿಕ ಹಂತಗಳು ಸುಲಭವಾಗಿ ಅರ್ಥವಾಗುತ್ತವೆ. ಜೀವಂತ ಪಾಚಿಯಲ್ಲಿ ಈ ವರ್ಣಕವು ಪ್ರೋಟೀನುಗಳ ಹಿಡಿತದಲ್ಲಿದ್ದು, ತಾನು ಹೀರಿದ ಬೆಳಕಿನ ಶಕ್ತಿಯನ್ನು ದ್ಯುತಿಸಂಶ್ಲೇಷಣೆಗೆ ದಾಟಿಸುತ್ತದೆ. ತಿಂದ ಜೀವಿಯ ಆಹಾರ ರಸದಾನಿಯಲ್ಲಿ (ನುಂಗಿದ್ದು ಜೀರ್ಣವಾಗುವ, ಕೋಶದೊಳಗಿನ ಪುಟ್ಟ ಚೀಲದಲ್ಲಿ) ಆ ಪ್ರೋಟೀನುಗಳು ಕರಗಿಹೋದರೂ ವರ್ಣಕ ಬೆಳಕನ್ನು ಹೀರುತ್ತಲೇ ಇರುತ್ತದೆ; ಹೋಗಲು ದಾರಿಯಿಲ್ಲದ ಆ ಶಕ್ತಿ ಪಕ್ಕದ ಆಮ್ಲಜನಕಕ್ಕೆ ಸೇರಿ, ಕೋಶದ ಪೊರೆಯನ್ನೂ ಪ್ರೋಟೀನುಗಳನ್ನೂ ಕೆಡಿಸುವ ಸಿಂಗ್ಲೆಟ್ ಆಮ್ಲಜನಕ ಹುಟ್ಟುತ್ತದೆ. ಮೈಯೇ ಪಾರದರ್ಶಕವಾಗಿರುವ ಜೀವಿಗೆ ಬೆಳಕಿನಿಂದ ಮರೆಯೂ ಇಲ್ಲ. (ಲಂಟಾನ ಮೇದು ಯಕೃತ್ತು ಕೆಟ್ಟ ದನಗಳ ಚರ್ಮ ಬಿಸಿಲಿಗೆ ಹುಣ್ಣಾಗುವುದೂ ಇಂಥದೇ ಕಾರಣದಿಂದ: ಪತ್ರಹರಿತ್ತಿನಿಂದ ಹುಟ್ಟುವ ಫಿಲೋಎರಿಥ್ರಿನ್ ಪಿತ್ತದ ಮೂಲಕ ಹೊರಹೋಗದೆ ರಕ್ತದಲ್ಲಿ ಉಳಿದುಬಿಡುತ್ತದೆ.)

ಮೊದಲ ಬದಲಾವಣೆಯನ್ನು ಅಡುಗೆಮನೆಯಲ್ಲೇ ನೋಡಬಹುದು. ಹುಣಸೆಹುಳಿ ಹಾಕಿ ಬೇಯಿಸಿದ ಸೊಪ್ಪಿನ ಹಚ್ಚಹಸಿರು ಕಂದುಹಸಿರಿಗೆ ತಿರುಗುವುದು, ಅಣುವಿನ ನಡುವಿದ್ದ ಮೆಗ್ನೀಸಿಯಂ ಆಮ್ಲದಿಂದಾಗಿ ಕಳಚಿ ಫಿಯೋಫೈಟಿನ್ ಉಂಟಾಗುವುದರಿಂದ. ಹುಳಿಯಾದ ರಸದಾನಿಯಲ್ಲೂ ಮೆಗ್ನೀಸಿಯಂ ಹೀಗೆಯೇ ಹೋಗುತ್ತದೆ. 20 ಇಂಗಾಲದ ಫೈಟಾಲ್ ಬಾಲವೂ ಒಂದು ಎಸ್ಟರ್ ಗುಂಪೂ ಕಳಚಿದರೆ ಉಳಿಯುವುದು ಪೈರೋಫಿಯೋಫೋರ್ಬೈಡ್. ವಿದ್ಯಾರ್ಥಿಗಳು ಸಾಮಾನ್ಯವಾಗಿ ಇಲ್ಲಿಗೇ ಪಾಠ ಮುಗಿಯಿತೆಂದುಕೊಳ್ಳುತ್ತಾರೆ. ಆದರೆ ಈ ಅಣುವೂ ಬೆಳಕನ್ನು ಹೀರಿ ಕೆಂಪಾಗಿ ಹೊಳೆಯುವಂಥದು, ಅಂದರೆ ಅಪಾಯ ಹಾಗೆಯೇ ಉಳಿದಿದೆ.

ನಿಜವಾದ ಪರಿಹಾರವನ್ನು 2012ರಲ್ಲಿ ಜಪಾನಿನ ಯುಇಚಿರೊ ಕಶಿಯಾಮ ಮತ್ತು ಸಂಗಡಿಗರು ವಿವರಿಸಿದರು. ಅಣುವಿನ 13² ಮತ್ತು 17³ ಸ್ಥಾನದ (ಇವು ಇಂಗಾಲಗಳ ಗುರುತುಗಳಷ್ಟೇ, ಘಾತಗಳಲ್ಲ) ಇಂಗಾಲಗಳು ಒಂದಕ್ಕೊಂದು ಬೆಸೆದು, ಏಳು ಪರಮಾಣುಗಳ ಹೊಸ ಉಂಗುರವೊಂದು ಮೂಡುತ್ತದೆ. ಹೀಗೆ ಹುಟ್ಟುವ ವಸ್ತುವೇ ಸೈಕ್ಲೋಫಿಯೋಫೋರ್ಬೈಡ್ ಈನಾಲ್. ಇದು ಹೀರಿದ ಶಕ್ತಿಯನ್ನು ಆಮ್ಲಜನಕಕ್ಕೆ ಕೊಡುವ ಮೊದಲೇ ಶಾಖವಾಗಿ ಕಳೆದುಕೊಳ್ಳುವುದರಿಂದ ಹೊಳೆಯುವುದೂ ಇಲ್ಲ, ಸುಡುವುದೂ ಇಲ್ಲ. ಬೆಳಕು ಹೀರಿದ ವಸ್ತುವಿನ ಹೊಳಪನ್ನು ತೋರಿಸುವ ಪ್ರತಿದೀಪ್ತಿ ಸೂಕ್ಷ್ಮದರ್ಶಕದಡಿ ಆಗಷ್ಟೇ ನುಂಗಿದ ಪಾಚಿ ಕೆಂಡದಂತೆ ಕೆಂಪಗೆ ಕಾಣುತ್ತದೆ. ವರ್ಣಕ ಈ ರೂಪಕ್ಕೆ ಬಂದಂತೆ ಆ ಕೆಂಪು ಆರುತ್ತದೆ.

ಹಣ್ಣಾಗುವ ಎಲೆಯಲ್ಲಿ ಪತ್ರಹರಿತ್ತಿನಲ್ಲಿ ಮೆಗ್ನೀಸಿಯಂ ಅನ್ನು ಸುತ್ತುವರಿದಿದ್ದ ದೊಡ್ಡ ಉಂಗುರವೇ ಒಡೆದು ತೆರೆದುಕೊಳ್ಳುತ್ತದೆ. ಇಲ್ಲಿಯಾದರೋ ಅದು ಒಡೆಯುವುದಿಲ್ಲ, ಅದಕ್ಕೆ ಇನ್ನೊಂದು ಉಂಗುರ ಸೇರುತ್ತದೆ. ಆದ್ದರಿಂದ ‘ವಿಭಜನೆ’ ಎಂಬ ಪದ ಈ ಕ್ರಿಯೆಗೆ ಅಷ್ಟಾಗಿ ಒಪ್ಪುವುದಿಲ್ಲವೆಂದೇ ನನ್ನ ಅಭಿಪ್ರಾಯ.

ರಸಾಯನವೊಂದನ್ನೇ ನೆಚ್ಚದ ಜೀವಿಗಳೂ ಉಂಟು: ಕೆಲವು ಅಮೀಬಾಗಳು ಬೆಳಕು ಬಿದ್ದೊಡನೆ ಹೊಸ ಬೇಟೆ ನುಂಗುವುದನ್ನು ತಗ್ಗಿಸಿ, ಒಳಗಿರುವುದನ್ನು ಬೇಗಬೇಗ ಜೀರ್ಣಿಸಿಕೊಳ್ಳುತ್ತವೆ.