ಒಂದೇ ವಾಯುಭಾರ ಕುಸಿತ: ಕಡೂರಿಗೆ ಕೆರೆನೀರು, ಮೂಡಿಗೆರೆಗೆ ಬೂಷ್ಟು ಹಿಡಿದ ಕಾಫಿ

ನವೆಂಬರ್ ಕೊನೆಗೆ ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿತದ ಸುದ್ದಿ ಬಂದರೆ ಚಿಕ್ಕಮಗಳೂರು ಜಿಲ್ಲೆಯೊಳಗೇ ಎರಡು ಲೆಕ್ಕ ಶುರುವಾಗುತ್ತದೆ. ಕಡೂರಿನವರದು ಕೆರೆಗೆ ಇನ್ನೆರಡು ಅಡಿ ನೀರು ಬಂದೀತೇ ಎಂಬ ಲೆಕ್ಕ. ಮೂಡಿಗೆರೆಯವರದು ಕಣದಲ್ಲಿ ಹರಡಿದ ಕಾಫಿಗೆ ಟಾರ್ಪಾಲು ಸಾಕೇ ಎಂಬ ಲೆಕ್ಕ. ಹಾಸನದಲ್ಲಿ ಸಕಲೇಶಪುರ, ಅರಸೀಕೆರೆಗಳ ನಡುವೆಯೂ ಇದೇ ವ್ಯತ್ಯಾಸ. ಈ ಜಿಲ್ಲೆಗಳ ಬರವನ್ನು ವರ್ಷದ ಒಟ್ಟು ಮಳೆಯಿಂದ ಅಳೆದರೆ ಅರ್ಧ ಕಥೆ ತಪ್ಪಿಹೋಗುತ್ತದೆ. ಯಾವ ವಾರ ಬಿತ್ತು ಎನ್ನುವುದೇ ಮುಖ್ಯ.

ಮುಂಗಾರು ಗಾಳಿ ಘಟ್ಟಕ್ಕೆ ಬಡಿದು ಶೃಂಗೇರಿ, ಸಕಲೇಶಪುರದಲ್ಲಿ ಸುರಿಯುತ್ತದೆ. ಅಲ್ಲಿ 2,000 ಮಿ.ಮೀ. ದಾಟುವುದು ಮಾಮೂಲು. ಬಾಬಾಬುಡನ್‌ಗಿರಿ ದಾಟಿ ಪೂರ್ವಕ್ಕೆ ಇಳಿಯುವಷ್ಟರಲ್ಲಿ ತೇವವೆಲ್ಲ ಖಾಲಿ. ಕಡೂರು, ಅರಸೀಕೆರೆಗೆ ದಕ್ಕುವುದು ವರ್ಷಕ್ಕೆ 600–700 ಮಿ.ಮೀ. ಆಸುಪಾಸು. ಹೀಗಾಗಿ ಬಯಲುಸೀಮೆಯ ಕಣ್ಣು ಹಿಂಗಾರಿನ ಮೇಲೆ. ತಮಿಳುನಾಡು, ಆಂಧ್ರ ಕರಾವಳಿ ದಾಟಿದ ಚಂಡಮಾರುತದ ಬಿರುಸು ಇಳಿದರೂ ಮೋಡ ಒಳನಾಡಿನವರೆಗೆ ಬರುತ್ತದೆ. ಅರಬ್ಬಿ ಸಮುದ್ರದ್ದು ಬೇರೆಯೇ ಕಥೆ. ಜೂನ್‌ನಲ್ಲಿ ಅಲ್ಲಿ ಚಂಡಮಾರುತ ಎದ್ದರೆ ತೇವವನ್ನೆಲ್ಲ ಉತ್ತರಕ್ಕೆ ಎಳೆದುಕೊಂಡು ಹೋಗಿ ಮುಂಗಾರನ್ನು ಸೊರಗಿಸುತ್ತದೆ. 2019ರಲ್ಲಿ ವಾಯು, 2023ರಲ್ಲಿ ಬಿಪರ್ಜಾಯ್ ಮಾಡಿದ್ದು ಇದನ್ನೇ. 2023ರಲ್ಲಿ ಕೇರಳಕ್ಕೆ ಮುಂಗಾರು ಬಂದದ್ದು ಜೂನ್ 8ಕ್ಕೆ. ಮೇಲೆ ಎಲ್ ನಿನೊ ಸೇರಿ, ಆಗಸ್ಟ್ ದೇಶದಲ್ಲಿ 1901ರಿಂದೀಚೆಗಿನ ಅತಿ ಒಣ ಆಗಸ್ಟ್ ಆಯಿತು. ರಾಜ್ಯದ 200ಕ್ಕೂ ಹೆಚ್ಚು ತಾಲ್ಲೂಕುಗಳು ಬರಪೀಡಿತವೆಂದು ಘೋಷಣೆಯಾದವು.

ಬರಕ್ಕೆ ಸರ್ಕಾರಗಳು ಕಂಡುಕೊಂಡ ಉತ್ತರ ಬಹುಕಾಲ ಅಣೆಕಟ್ಟೇ ಆಗಿತ್ತು. 1876–78ರ ಧಾತು ಈಶ್ವರ ಬರ ಮೈಸೂರು ಸಂಸ್ಥಾನವನ್ನು ಹಿಂಡಿಹಾಕಿತ್ತು. 1907ರಲ್ಲಿ ಮುಗಿದ ಮಾರಿಕಣಿವೆ ಅಣೆಕಟ್ಟು (ವಾಣಿವಿಲಾಸ ಸಾಗರ) ಚಿತ್ರದುರ್ಗ ಜಿಲ್ಲೆಯಲ್ಲಿದ್ದರೂ ಅದಕ್ಕೆ ನೀರು ಹರಿಯುವುದು ಬಾಬಾಬುಡನ್‌ಗಿರಿಯ ಪೂರ್ವ ಮಗ್ಗುಲಿಂದ, ಕಡೂರಿನ ಮೇಲೆ ಹಾದು. 1933ರಲ್ಲಿ ಕೋಡಿ ಬಿದ್ದ ಆ ಜಲಾಶಯ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, 89 ವರ್ಷದ ಮೇಲೆ. ಗಿರಿಯ ಆ ಮಗ್ಗುಲಿನ ಮಳೆಯನ್ನು ಎಷ್ಟು ನಂಬಬಹುದು ಎಂದು ಇದಕ್ಕಿಂತ ಚೆನ್ನಾಗಿ ಯಾವ ಅಂಕಿಯೂ ಹೇಳದು. 1979ರ ಗೊರೂರಿನ ಹೇಮಾವತಿ ಜಲಾಶಯ (37.1 ಟಿಎಂಸಿ) ಮಲೆನಾಡಿನ ಮಳೆ ನಂಬಿದ್ದು, ತುಂಬುತ್ತದೆ. ಆದರೆ ಅರಸೀಕೆರೆಯ ಬಹುಪಾಲು ನೆಲ ಅದರ ಕಾಲುವೆಗೆ ಎಟುಕಲಿಲ್ಲ. ಅಲ್ಲಿ ಕೊಳವೆಬಾವಿ ಬಂತು, ಆಮೇಲೆ ಬತ್ತಿತು.

ತೆಂಗಿಗೆ ಬರದ ಬಿಸಿ ತಟ್ಟುವುದು ನಿಧಾನ. ಮರದೊಳಗೆ ಹೊಂಬಾಳೆಯ ಮೊಳಕೆ ಮೂಡಿದಾಗಿನಿಂದ ಕಾಯಿ ಬಲಿಯಲು ಸುಮಾರು 44 ತಿಂಗಳು ಬೇಕು. ಹಾಗಾಗಿ ಒಂದು ಬರದ ಪೆಟ್ಟು ಎರಡು–ಮೂರು ವರ್ಷದ ಇಳುವರಿಯಲ್ಲಿ ಕಾಣಿಸುತ್ತದೆ, ಮಳೆ ಚೆನ್ನಾಗಿ ಬಂದ ವರ್ಷವೂ ಕಾಯಿ ಕಡಿಮೆ. ಪರಿಹಾರದ ಸಮೀಕ್ಷೆ ಅಷ್ಟರಲ್ಲಿ ಮುಗಿದಿರುತ್ತದೆ.

ರಾಗಿಯದು ಇದರ ತಿರುಗುಮುರುಗು. ಹುಬ್ಬೆ, ಉತ್ತರೆ ನಕ್ಷತ್ರಗಳಲ್ಲಿ (ಸೆಪ್ಟೆಂಬರ್ ಆಸುಪಾಸು) ಮಳೆ ಬೇಕು. ತೆನೆ ಬಲಿತ ಮೇಲೆ ಬೇಡ. 2021ರ ನವೆಂಬರ್‌ನಲ್ಲಿ ಹೆಸರಿಡುವಷ್ಟೂ ಬಲಿಯದ ವಾಯುಭಾರ ಕುಸಿತಗಳೇ ದಕ್ಷಿಣ ಒಳನಾಡನ್ನು ತೋಯಿಸಿದವು. ರಾಗಿ ಮಲಗಿತು, ತೆನೆಯಲ್ಲೇ ಮೊಳಕೆಯೊಡೆಯಿತು, ಹುಲ್ಲು ಕಪ್ಪಾಗಿ ದನಕ್ಕೂ ಬಾರದಾಯಿತು. ಅದೇ ಮಳೆಗೆ ಕೆರೆಗಳು ತುಂಬಿದವು.

ಕಾಫಿಯಲ್ಲಿ ಲೆಕ್ಕ ಇನ್ನೂ ಸೂಕ್ಷ್ಮ. ತೋಟದ ಮಳೆ ಪುಸ್ತಕದಲ್ಲಿ ಇಂದಿಗೂ ಇಂಚು, ಸೆಂಟ್‌ಗಳದೇ ಲೆಕ್ಕ. ನೂರು ಸೆಂಟ್ ಒಂದು ಇಂಚು. ರೋಬಸ್ಟಾಕ್ಕೆ ಫೆಬ್ರುವರಿ–ಮಾರ್ಚ್‌ನಲ್ಲಿ, ಅರೇಬಿಕಾಕ್ಕೆ ಮಾರ್ಚ್–ಏಪ್ರಿಲ್‌ನಲ್ಲಿ ಒಂದರಿಂದ ಒಂದೂವರೆ ಇಂಚು ಹೂಮಳೆ ಒಂದೇ ಸಲಕ್ಕೆ ಬೀಳಬೇಕು. ಎಂಟು–ಹತ್ತು ದಿನಕ್ಕೆ ಹೂವಾಗುತ್ತದೆ. ಮೂವತ್ತು ಸೆಂಟ್ ಬಿದ್ದು ನಿಂತರೆ ಮೊಗ್ಗು ಉಬ್ಬಿ, ಪೂರ್ತಿ ಅರಳದೆ ಒಣಗುತ್ತದೆ. ಮಳೆಯೇ ಬಾರದಿದ್ದರೆ ವಾಸಿ, ಸ್ಪ್ರಿಂಕ್ಲರ್ ಹಾಕುವ ದಿನವನ್ನು ನಾವೇ ಗೊತ್ತುಮಾಡಬಹುದು. ಹೂವರಳಿದ ದಿನವೇ ಸುರಿದರೆ ಪರಾಗ ತೊಳೆದುಹೋಗುತ್ತದೆ. ಪರಕೀಯ ಪರಾಗ ಬೇಕಾದ ರೋಬಸ್ಟಾಕ್ಕೆ ಪೆಟ್ಟು ಹೆಚ್ಚು.

ಕುಯ್ಲಿನ ಹೊತ್ತಿನ ಮಳೆ ಇನ್ನೊಂದು ಕಷ್ಟ. 2024ರ ನವೆಂಬರ್ 30ರಂದು ಫೆಂಗಲ್ ಪುದುಚೇರಿ ಬಳಿ ದಡ ಮುಟ್ಟಿದಾಗ ಅರೇಬಿಕಾ ಕುಯ್ಲು ನಡೆದಿತ್ತು. ಹಣ್ಣು ನೀರು ಕುಡಿದು ಬಿರಿಯುತ್ತದೆ, ಉದುರುತ್ತದೆ. ನೆಲದ ಕಾಫಿಗೆ ದರವಿಲ್ಲ. ಕಣದಲ್ಲಿ ಚೆರ್ರಿಯನ್ನು (ಸಿಪ್ಪೆ ಸಮೇತದ ಹಣ್ಣನ್ನು) ಸುಮಾರು 8 ಸೆಂ.ಮೀ. ದಪ್ಪಕ್ಕೆ ಹರಡಿ ಗಂಟೆಗೊಮ್ಮೆ ತಿರುವಿದರೆ, ಬಿಸಿಲಿದ್ದಲ್ಲಿ 12–15 ದಿನಕ್ಕೆ ಒಣಗುತ್ತದೆ. ಮೋಡಕ್ಕೆ ಹೆದರಿ ಹಸಿ ಚೆರ್ರಿಯನ್ನು ಗುಡ್ಡೆ ಮಾಡಿ ಟಾರ್ಪಾಲು ಹೊದಿಸಿಟ್ಟರೆ ಒಳಗೆ ಬೆವರಿ, ಹುಳಿತು, ಬೂಷ್ಟು ಕಟ್ಟುತ್ತದೆ. ಮಳೆ ಬಿಟ್ಟ ಕೂಡಲೇ ಬಿಚ್ಚಿ ತೆಳುವಾಗಿ ಹರಡಬೇಕು. ಪಲ್ಪರ್ (ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ) ಇದ್ದವರು ಹಣ್ಣನ್ನು ಅದೇ ದಿನ ಪಲ್ಪ್ ಮಾಡಿ, ಸಿಪ್ಪೆ ಬಿಟ್ಟ ಬೀಜವಾದ ಪಾರ್ಚ್‌ಮೆಂಟನ್ನು ಮಾಡಿನಡಿ ಹರಡಿ 10% ತೇವಕ್ಕೆ ಇಳಿಸುವುದು ವಾಸಿ.

2021ರ ಜನವರಿಯ ಮಳೆಯಲ್ಲಿ ಹಣ್ಣಿದ್ದ ರೋಬಸ್ಟಾ ಗಿಡಗಳೇ ಅಕಾಲಕ್ಕೆ ಹೂ ಬಿಟ್ಟವು. ಕುಯ್ದರೆ ಹೂ ಉದುರುತ್ತದೆ, ಕುಯ್ಯದಿದ್ದರೆ ಹಣ್ಣು. ಹೂ ನಿಂತರೂ 15–20 ದಿನಕ್ಕೆ ಬೆನ್ನಿನ ಮಳೆ, ಅಂದರೆ ಹೂವಿನ ಬೆನ್ನಿಗೆ ಬಂದು ಕಾಯಿ ಕಚ್ಚಿಸುವ ಮಳೆ ಬೇಕು. ಅದು ಬಾರದಿದ್ದರೆ ಸ್ಪ್ರಿಂಕ್ಲರೇ ಗತಿ, ಅದಕ್ಕೆ ತೋಟದ ಕೆರೆಯಲ್ಲಿ ಫೆಬ್ರುವರಿವರೆಗೂ ನೀರು ಉಳಿದಿರಬೇಕು.